ಚಿತ್ರದ ಕುದುರೆಯೂ ಆಟದ ಸುಖವೂ

ವಿಡಿಯೊ ಆಟಗಳ ಹೊಸ ಯಂತ್ರವೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. ಚಿತ್ರ ಹಿಂದಿಗಿಂತ ನೈಜವಾಗಿದೆ. ನೀರು ನೀರಿನಂತೆಯೇ ಹರಿಯುತ್ತದೆ, ಕೂದಲು ಕೂದಲಿನಂತೆಯೇ ಗಾಳಿಗೆ ಅಲುಗುತ್ತದೆ. ಆದ್ದರಿಂದ ಆಟ ಹಿಂದಿಗಿಂತ ಹೆಚ್ಚು ಸೊಗಸು. ಇಲ್ಲಿ ಬರುವ 'ಆದ್ದರಿಂದ' ಎಂಬ ಪದವೇ ವಿಚಾರಾರ್ಹವಾದುದು. ಚಿತ್ರ ನೈಜವಾದಷ್ಟೂ ಆಡುವವನು ಅದರಲ್ಲಿ ಮುಳುಗುತ್ತಾನೆ, ಮುಳುಗಿದಷ್ಟೂ ಸುಖ ಹೆಚ್ಚುತ್ತದೆ ಎಂಬ ಎರಡು ಮೆಟ್ಟಿಲಿನ ತರ್ಕ ಅದರಲ್ಲಿ ಅಡಗಿದೆ. ಮನೆಯಲ್ಲಿ ಮಕ್ಕಳು ಹೊಸ ಯಂತ್ರಕ್ಕಾಗಿ ಹಟ ಹಿಡಿಯುವುದು ಇದನ್ನು ನಂಬಿ. ಹಿರಿಯರು ಆತಂಕಗೊಂಡು ತಡೆಯುವುದೂ ಇದನ್ನೇ ನಂಬಿ. ಮಕ್ಕಳಿಗೆ ನೈಜತೆ ಸುಖದ ಮೂಲ. ಹಿರಿಯರಿಗೆ ಅದೇ ವ್ಯಸನದ ಮೂಲ. ಇಬ್ಬರೂ ಪರೀಕ್ಷಿಸದೆ ಒಪ್ಪಿಕೊಂಡಿರುವ ಆಧಾರ ಒಂದೇ. ಆ ಆಧಾರ ಎಷ್ಟು ಗಟ್ಟಿಯಾದುದೆಂದು ನೋಡುವುದು ಅಗತ್ಯ.

ಮೊದಲಿಗೆ ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಚಿತ್ರವು ಲೋಕದ ವಸ್ತುವನ್ನು ಹೋಲುವುದು ಸಾದೃಶ್ಯ. ಆಡುವವನ ಚಿತ್ತ ಬೇರೆಡೆಗೆ ಹರಿಯದೆ ಆಟದಲ್ಲೇ ನೆಲೆನಿಲ್ಲುವುದು ತನ್ಮಯತೆ. ಆಡಿದುದರಿಂದ ಒದಗುವ ಸಂತೋಷ ವಿನೋದ. ಸಾದೃಶ್ಯ ಚಿತ್ರದ ಗುಣ, ತನ್ಮಯತೆ ಚಿತ್ತದ ಸ್ಥಿತಿ, ವಿನೋದ ಕ್ರಿಯೆಯ ಫಲ. ಒಂದು ಇನ್ನೊಂದಕ್ಕೆ ನೆರವಾಗಬಹುದು. ಆದರೆ ಮೊದಲನೆಯದೇ ಮೂರನೆಯದಕ್ಕೆ ಕಾರಣವೆಂದು ಹೇಳಬೇಕಾದರೆ ತರ್ಕಶಾಸ್ತ್ರ ವಿಧಿಸುವ ಅನ್ವಯ ಮತ್ತು ವ್ಯತಿರೇಕ ಎಂಬ ಎರಡು ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗಬೇಕು. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಕೂಡದು.

ವ್ಯತಿರೇಕದ ಪರೀಕ್ಷೆಯನ್ನು ಮೊದಲು ಕೈಗೊಳ್ಳಬಹುದು. ೧೯೭೨ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಹೊರತಂದ 'ಪಾಂಗ್' ಎಂಬ ಆಟದಲ್ಲಿ ಇದ್ದುದು ಎರಡು ಗೆರೆ, ಒಂದು ಚುಕ್ಕೆ, ಎರಡು ಅಂಕಿ. ಅದನ್ನು ಟೇಬಲ್ ಟೆನಿಸ್ ಎಂದು ಗುರುತಿಸಬೇಕಾದರೆ ನೋಡುವವನ ಔದಾರ್ಯವೇ ಬೇಕು. ಆದರೂ ಕ್ಯಾಲಿಫೋರ್ನಿಯದ ಪಾನಗೃಹವೊಂದರಲ್ಲಿ ಪರೀಕ್ಷಾರ್ಥವಾಗಿ ಇರಿಸಿದ ಮೊದಲ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕಿತ್ತು. ೧೯೭೮ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರಚಿಸಿದ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿ ೫೫ ಪುಟ್ಟ ಆಕೃತಿಗಳು ಸಾಲುಗಟ್ಟಿ ಕೆಳಗಿಳಿಯುತ್ತವೆ. ಅಂದಿನ ಯಂತ್ರದ ಶಕ್ತಿ ಅಲ್ಪವಾಗಿದ್ದುದರಿಂದ ಅಷ್ಟೂ ಆಕೃತಿಗಳನ್ನು ಒಟ್ಟಿಗೆ ಬಿಡಿಸುವಾಗ ಅದು ನಿಧಾನವಾಗುತ್ತಿತ್ತು. ಒಂದೊಂದೇ ಅಳಿದಂತೆ ಉಳಿದವು ವೇಗವಾಗಿ ಚಲಿಸುತ್ತಿದ್ದವು. ಹೀಗೆ ಗೆಲುವು ಸಮೀಪಿಸಿದಂತೆ ಅಪಾಯವೂ ಹೆಚ್ಚುತ್ತಿತ್ತು. ಯಂತ್ರದ ದೌರ್ಬಲ್ಯವೇ ಆಟದ ಜೀವಾಳವಾಯಿತು.

ಇದಕ್ಕಿಂತ ಪ್ರಬಲವಾದ ಸಾಕ್ಷಿ 'ಟೆಟ್ರಿಸ್'. ೧೯೮೪ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೊವ್ ಇದನ್ನು ಕಟ್ಟಿದ 'ಎಲೆಕ್ಟ್ರಾನಿಕಾ ೬೦' ಎಂಬ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅಕ್ಷರಗಳನ್ನೂ ಚಿಹ್ನೆಗಳನ್ನೂ ಮಾತ್ರ ತೋರಿಸಬಲ್ಲ ಪರದೆಯ ಮೇಲೆ ಆತ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕಗಳನ್ನು ಮಾಡಿದ. ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಸಂದಿಲ್ಲದಂತೆ ಸಾಲು ತುಂಬಿಸಿದರೆ ಸಾಲು ಮಾಯವಾಗುತ್ತದೆ. ಇದು ಲೋಕದ ಯಾವ ವಸ್ತುವಿನ ಅನುಕರಣೆಯೂ ಅಲ್ಲ. ೧೯೮೯ರಲ್ಲಿ ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರದೊಡನೆ ಇದು ಮನೆಮನೆಗೆ ಹೋಯಿತು. ಆ ಯಂತ್ರದ ಪರದೆಯಲ್ಲಿದ್ದುದು ಬೂದು ಹಸಿರಿನ ನಾಲ್ಕು ಛಾಯೆಗಳು ಮಾತ್ರ. ಆದರೂ ಟೆಟ್ರಿಸ್ ಹಿಡಿದವನಿಗೆ ಹೊತ್ತು ಹೋದುದು ತಿಳಿಯುತ್ತಿರಲಿಲ್ಲ. ಅಂದರೆ ಸಾದೃಶ್ಯ ಲವಲೇಶವೂ ಇಲ್ಲದೆಡೆ ತನ್ಮಯತೆಯೂ ವಿನೋದವೂ ಪೂರ್ಣವಾಗಿ ಇದ್ದವು.

ಇದು ಯಂತ್ರಯುಗದ ವಿಶೇಷವೇನೂ ಅಲ್ಲ. ಕನ್ನಡ ನಾಡಿನ ಹಜಾರಗಳಲ್ಲಿ ಹುಣಸೆ ಬೀಜ ಹಿಡಿದು ಅಳಗುಳಿ ಮಣೆ ಆಡಿದವರಿಗೂ, ಕವಡೆ ಚೆಲ್ಲಿ ಚೌಕಾಬಾರ ಆಡಿದವರಿಗೂ ಆ ಬೀಜ ಏನನ್ನು ಹೋಲುತ್ತದೆಂಬ ಪ್ರಶ್ನೆ ಎಂದೂ ಎದುರಾಗಲಿಲ್ಲ. ಚದುರಂಗದ ಕುದುರೆಗೆ ಕಾಲುಗಳಿಲ್ಲ. ಅದು ಎರಡು ಮನೆ ನೇರಕ್ಕೆ ಹೋಗಿ ಒಂದು ಮನೆ ಪಕ್ಕಕ್ಕೆ ಹಾರುತ್ತದೆ. ಹಾಗೆ ನಡೆಯುವ ಕುದುರೆ ಭೂಮಿಯ ಮೇಲಿಲ್ಲ. ಆದರೆ ಅದರ ಆ ನಡೆಯೇ ಆಟಗಾರನಿಗೆ ಕುದುರೆ.

ಇನ್ನು ಅನ್ವಯದ ಪರೀಕ್ಷೆ. ಸಾದೃಶ್ಯ ಅಥವಾ ಚಿತ್ರಸೌಷ್ಠವ ಹೇರಳವಾಗಿರುವಲ್ಲಿ ವಿನೋದವೂ ಹೇರಳವಾಗಿದೆಯೇ? ೧೯೮೩ರಲ್ಲಿ ಬಂದ 'ಡ್ರ್ಯಾಗನ್ಸ್ ಲೇರ್' ಈ ಪ್ರಶ್ನೆಗೆ ತಕ್ಕ ದೃಷ್ಟಾಂತ. ಡಿಸ್ನಿ ಸಂಸ್ಥೆಯಲ್ಲಿ ಪಳಗಿದ್ದ ಡಾನ್ ಬ್ಲೂತ್ ಅವರ ಬಳಗ ಬಿಡಿಸಿದ ಚಲನಚಿತ್ರವನ್ನು ಲೇಸರ್ ಡಿಸ್ಕಿನಲ್ಲಿ ಅಡಕಗೊಳಿಸಿ ಅದನ್ನು ಆಟವಾಗಿ ಮಾರಲಾಯಿತು. ಮಿಕ್ಕ ಆಟಗಳಿಗೆ ೨೫ ಸೆಂಟ್ ಇದ್ದರೆ ಇದಕ್ಕೆ ೫೦ ಸೆಂಟ್. ಜನ ಮುತ್ತಿಗೆ ಹಾಕಿ ನೋಡಿದರು. ಆದರೆ ಆಡುವವನ ಪಾಲಿಗೆ ಇದ್ದುದು ತಕ್ಕ ಕ್ಷಣದಲ್ಲಿ ಸನ್ನೆಯನ್ನು ತಕ್ಕ ದಿಕ್ಕಿಗೆ ತಳ್ಳುವುದು ಮಾತ್ರ. ತಪ್ಪಿದರೆ ಮರಣದ ದೃಶ್ಯ, ಸರಿಯಾದರೆ ಮುಂದಿನ ದೃಶ್ಯ. ಕ್ರಮ ಬಾಯಿಪಾಠವಾದ ಮೇಲೆ ಅಲ್ಲಿ ಮಾಡಲು ಏನೂ ಉಳಿಯಲಿಲ್ಲ. ಚಿತ್ರ ಅತ್ಯುತ್ತಮ, ಆಟ ಅತ್ಯಲ್ಪ. ಕಾರಣವೆಂದು ಹೇಳಲಾದ ವಸ್ತು ಇದ್ದೂ ಕಾರ್ಯ ನಿಲ್ಲಲಿಲ್ಲ.

ಹಾಗೆಂದು ಸಾದೃಶ್ಯ ನಿಷ್ಪ್ರಯೋಜಕವೆಂದು ತೀರ್ಪು ಕೊಡುವುದು ಏಕಾಂತವಾದವಾದೀತು. ವಸ್ತುವನ್ನು ಹಲವು ನಯಗಳಿಂದ ನೋಡುವುದೇ ವಿವೇಕ. ೧೯೯೩ರಲ್ಲಿ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಹೊರತಂದ 'ಮಿಸ್ಟ್' ಆಟದಲ್ಲಿ ನಿರ್ಜನವಾದ ದ್ವೀಪವೊಂದರ ಚಿತ್ರಗಳಿವೆ. ಅಂದಿನ ಮಟ್ಟಕ್ಕೆ ಅವು ಅಸಾಧಾರಣವಾಗಿ ನೈಜ. ಅಲ್ಲಿ ಓಟವಿಲ್ಲ, ಕಾದಾಟವಿಲ್ಲ. ಸನ್ನೆಕೋಲು, ಗಡಿಯಾರ, ಪುಸ್ತಕಗಳನ್ನು ಸೂಕ್ಷ್ಮವಾಗಿ ಗಮನಿಸಿ ಒಗಟು ಬಿಡಿಸಬೇಕು. ಗಮನಿಸುವುದೇ ಆಟವಾದುದರಿಂದ ಗಮನಕ್ಕೆ ಯೋಗ್ಯವಾದ ಚಿತ್ರ ಅಲ್ಲಿ ಅಲಂಕಾರವಲ್ಲ, ಆಹಾರ. ೨೦೧೧ರ 'ಎಲ್.ಎ. ನ್ವಾರ್' ಆಟದಲ್ಲಿ ೩೨ ಕ್ಯಾಮೆರಾಗಳಿಂದ ನಟರ ಮುಖಗಳನ್ನು ಸೆರೆಹಿಡಿದು ಬಳಸಲಾಯಿತು. ಪತ್ತೇದಾರನಾಗಿ ಆಡುವವನು ಎದುರಿನವನ ಮುಖಚರ್ಯೆಯಿಂದಲೇ ಸತ್ಯಾಸತ್ಯವನ್ನು ಊಹಿಸಬೇಕು. ೨೦೨೦ರ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್' ನಕ್ಷೆ ಮತ್ತು ಉಪಗ್ರಹ ಚಿತ್ರಗಳ ನೆರವಿನಿಂದ ಇಡೀ ಭೂಗೋಳವನ್ನು ಪರದೆಗೆ ತಂದಿತು. ತಾನು ಹುಟ್ಟಿದ ಊರಿನ ಮೇಲೆ ಹಾರಾಡಬೇಕೆಂಬ ಆಸೆಗೆ ಸಾದೃಶ್ಯವಲ್ಲದೆ ಬೇರೆ ಉತ್ತರವಿಲ್ಲ. ಈ ಮೂರು ದೃಷ್ಟಾಂತಗಳಿಂದ ಹೊರಡುವ ಸೂತ್ರ ಒಂದೇ. ಎಲ್ಲಿ ಸಾದೃಶ್ಯವು ಆಟದ ನಿಯಮದೊಳಗೆ ಕೆಲಸ ಮಾಡುತ್ತದೆಯೋ ಅಲ್ಲಿ ಅದು ವಿನೋದವನ್ನು ಹೆಚ್ಚಿಸುತ್ತದೆ. ಎಲ್ಲಿ ನಿಯಮದ ಹೊರಗೆ ನಿಂತು ಶೋಭಿಸುತ್ತದೆಯೋ ಅಲ್ಲಿ ಅದು ಕೇವಲ ಕಣ್ಣಿನ ಬೆರಗು.

ಈ ವಿಚಾರದಲ್ಲಿ ಭಾರತೀಯ ಕಾವ್ಯಮೀಮಾಂಸೆಗೆ ಹೇಳಲು ಬಹಳವಿದೆ. ಭರತನ ನಾಟ್ಯಶಾಸ್ತ್ರ ಲೋಕಧರ್ಮಿ, ನಾಟ್ಯಧರ್ಮಿ ಎಂದು ಪ್ರಯೋಗವನ್ನು ಎರಡಾಗಿ ವಿಂಗಡಿಸುತ್ತದೆ. ಲೋಕದಲ್ಲಿರುವಂತೆ ತೋರಿಸುವುದು ಲೋಕಧರ್ಮಿ. ರಂಗಕ್ಕೆಂದೇ ಕಲ್ಪಿಸಿಕೊಂಡ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ. ಯಕ್ಷಗಾನದ ರಂಗಸ್ಥಳದಲ್ಲಿ ಬೆಟ್ಟವೂ ಇಲ್ಲ, ಅರಮನೆಯೂ ಇಲ್ಲ. ವೇಷಧಾರಿ ಒಂದು ಸುತ್ತು ಹಾಕಿದರೆ ನೂರು ಯೋಜನ ಕಳೆದಂತೆ. ಅದನ್ನು ಕಂಡು ಇದು ಸುಳ್ಳೆಂದು ಎದ್ದುಹೋದ ಪ್ರೇಕ್ಷಕನಿಲ್ಲ. ಶ್ರೀಶಂಕುಕನು ಕೊಟ್ಟ, ಅಭಿನವಗುಪ್ತನ ಮೂಲಕ ಇಂದಿಗೂ ಉಳಿದುಬಂದಿರುವ 'ಚಿತ್ರತುರಗ'ದ ದೃಷ್ಟಾಂತ ಇನ್ನೂ ಮಾರ್ಮಿಕವಾದುದು. ಚಿತ್ರದಲ್ಲಿರುವ ಕುದುರೆಯನ್ನು ಕಂಡು 'ಇದು ಕುದುರೆ' ಎನ್ನುವವನ ಅರಿವು ನಿಜಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯ ತಿಳಿವೂ ಅಲ್ಲ. ಅದು ಇವೆಲ್ಲಕ್ಕಿಂತ ವಿಲಕ್ಷಣವಾದುದು. ಶಂಕುಕನ ಒಟ್ಟು ವಾದವನ್ನು ಅಭಿನವಗುಪ್ತ ಒಪ್ಪಲಿಲ್ಲವೆಂಬುದು ನಿಜ. ಆದರೂ ಕಲೆಯ ಅನುಭವ ಮೋಸಹೋಗುವಿಕೆಯಲ್ಲ ಎಂಬ ಅದರ ತಿರುಳು ಇಲ್ಲಿ ಉಪಯುಕ್ತ.

ಆಶ್ಚರ್ಯವೆಂದರೆ ಇತ್ತೀಚಿನ ಪಾಶ್ಚಾತ್ಯ ವಿಮರ್ಶೆಯೂ ಬೇರೊಂದು ದಾರಿಯಿಂದ ಇಲ್ಲಿಗೇ ಬಂದಿದೆ. ಕೇಟಿ ಸೇಲನ್ ಮತ್ತು ಎರಿಕ್ ಝಿಮ್ಮರ್‌ಮನ್ ೨೦೦೩ರಲ್ಲಿ ಪ್ರಕಟಿಸಿದ 'ರೂಲ್ಸ್ ಆಫ್ ಪ್ಲೇ' ಎಂಬ ಗ್ರಂಥದಲ್ಲಿ, ಆಟದ ಸುಖವು ಆಡುವವನನ್ನು ಇನ್ನೊಂದು ಲೋಕಕ್ಕೆ ಪೂರ್ಣವಾಗಿ ಒಯ್ಯುವುದರಲ್ಲಿದೆ ಎಂಬ ನಂಬಿಕೆಯನ್ನು ಒಂದು ಹುಸಿತರ್ಕವೆಂದು ತಳ್ಳಿಹಾಕಿದ್ದಾರೆ. ಆಡುವವನು ಪಾತ್ರವಾಗಿಯೂ ಇರುತ್ತಾನೆ, ಇದು ಆಟವೆಂದು ಬಲ್ಲವನಾಗಿಯೂ ಇರುತ್ತಾನೆ. ಈ ಎರಡು ಅರಿವುಗಳ ನಡುವಣ ಓಡಾಟದಲ್ಲಿಯೇ ಆಟದ ಸ್ವಾರಸ್ಯವಿದೆ ಎಂಬುದು ಅವರ ಅಭಿಪ್ರಾಯ. ಪೂರ್ತಿ ಮೋಸಹೋದವನು ಆಡಲಾರ. ಹುಲಿ ನಿಜವೆಂದು ನಂಬಿದವನು ಓಡುತ್ತಾನೆಯೇ ಹೊರತು ಅಂಕ ಗಳಿಸಲು ನಿಲ್ಲುವುದಿಲ್ಲ.

ಸಾದೃಶ್ಯ ಹೆಚ್ಚಿದಂತೆ ಕೆಲವೊಮ್ಮೆ ಹಾನಿಯೂ ಉಂಟಾಗುತ್ತದೆ. ಯಂತ್ರಮಾನವ ಮನುಷ್ಯನನ್ನು ಹೋಲುತ್ತ ಹೋದಂತೆ ಒಂದು ಹಂತದವರೆಗೆ ಪ್ರಿಯವಾಗಿ, ಇನ್ನೇನು ಮನುಷ್ಯನೇ ಎನ್ನುವಷ್ಟು ಸಮೀಪಿಸಿದಾಗ ಹಠಾತ್ತನೆ ವಿಕಾರವೆನಿಸುತ್ತದೆ ಎಂದು ಜಪಾನಿನ ಮಸಾಹಿರೊ ಮೋರಿ ೧೯೭೦ರಷ್ಟು ಹಿಂದೆಯೇ ಬರೆದರು. ನೂರರಲ್ಲಿ ತೊಂಬತ್ತೆಂಟು ಹೋಲಿದರೆ ಕಣ್ಣು ಉಳಿದ ಎರಡನ್ನೇ ಹಿಡಿದು ಕಾಡುತ್ತದೆ. ನೂರರಲ್ಲಿ ಹತ್ತು ಮಾತ್ರ ಹೋಲಿದರೆ ಉಳಿದ ತೊಂಬತ್ತನ್ನು ಕಲ್ಪನೆ ಸಂತೋಷದಿಂದ ತುಂಬುತ್ತದೆ. ನಿಂಟೆಂಡೊ ಸಂಸ್ಥೆ ೨೦೦೦ದಲ್ಲಿ 'ಝೆಲ್ಡಾ' ಮಾಲಿಕೆಯ ನೈಜಶೈಲಿಯ ಮಾದರಿಯೊಂದನ್ನು ತೋರಿಸಿ, ಮರುವರ್ಷ ವ್ಯಂಗ್ಯಚಿತ್ರದಂತಹ ಶೈಲಿಯ 'ವಿಂಡ್ ವೇಕರ್' ಅನ್ನು ಮುಂದಿಟ್ಟಾಗ ಅಭಿಮಾನಿಗಳಲ್ಲಿ ಅನೇಕರು ಕೆರಳಿದರು. ೨೦೦೨ರಲ್ಲಿ ಬಿಡುಗಡೆಯಾದ ಆ ಆಟದ ಚಿತ್ರಗಳು ಇಂದಿಗೂ ಬಾಡಿಲ್ಲ. ಅದೇ ಕಾಲದಲ್ಲಿ ನೈಜತೆಯ ಹೆಸರಿನಲ್ಲಿ ಬಂದ ಎಷ್ಟೋ ಮುಖಗಳು ಇಂದು ಮರದ ಗೊಂಬೆಗಳಂತೆ ಕಾಣುತ್ತವೆ. ಇನ್ನು ಕಣ್ಣಿಗೆ ಕಟ್ಟುವ ಮುಸುಕಿನ ಯಂತ್ರಗಳು. ಆಡುವವನನ್ನು ಅಕ್ಷರಶಃ ಚಿತ್ರದೊಳಗೆ ನಿಲ್ಲಿಸುವ ಇವುಗಳನ್ನು ನಂಬಿ ಫೇಸ್‌ಬುಕ್ ಸಂಸ್ಥೆ ೨೦೧೪ರಲ್ಲಿ ಸುಮಾರು ೨೦೦ ಕೋಟಿ ಡಾಲರಿಗೆ ಆಕ್ಯುಲಸ್ ಸಂಸ್ಥೆಯನ್ನು ಕೊಂಡಿತು. ಕಣ್ಣು ಚಲನೆಯನ್ನು ಕಂಡು ದೇಹ ಅದನ್ನು ಅನುಭವಿಸದಿದ್ದಾಗ ಅನೇಕರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಆ ಯಂತ್ರಗಳಲ್ಲಿ ಬಹುಜನಪ್ರಿಯವಾದ 'ಬೀಟ್ ಸೇಬರ್' ಯಾವ ಲೋಕವನ್ನೂ ಅನುಕರಿಸುವುದಿಲ್ಲ. ಸಂಗೀತದ ಲಯಕ್ಕೆ ತಕ್ಕಂತೆ ತೇಲಿಬರುವ ಬಣ್ಣದ ಘನಗಳನ್ನು ಬೆಳಕಿನ ಕೋಲಿನಿಂದ ಸೀಳುವುದಷ್ಟೇ ಅದರ ಆಟ.

ನೈಜತೆಯ ಪಂಥಕ್ಕೆ ಅತ್ಯಂತ ಪ್ರಬಲ ಪ್ರತಿನಿಧಿ ೨೦೧೮ರ 'ರೆಡ್ ಡೆಡ್ ರಿಡೆಂಪ್ಷನ್ ೨'. ೧೮೯೯ರ ಅಮೆರಿಕದ ಪಶ್ಚಿಮ ಪ್ರಾಂತ್ಯ ಅದರ ಭೂಮಿಕೆ. ೬ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿರುವ ಈ ಕೃತಿಯನ್ನು ಲಘುವಾಗಿ ಕಾಣಲಾಗದು. ಅದರಲ್ಲಿ ಕುದುರೆಗೆ ಮೇವು ಹಾಕಬೇಕು, ಮೈ ಉಜ್ಜಬೇಕು, ಬೆದರಿದಾಗ ಸಂತೈಸಬೇಕು. ಹಾಗೆ ಮಾಡಿದಂತೆ ಅದು ಸವಾರನನ್ನು ನಂಬುತ್ತ ಬರುತ್ತದೆ. ಇಲ್ಲಿ ಸಾದೃಶ್ಯವು ನಿಯಮದೊಳಗಿದೆ, ಸ್ನೇಹವಾಗಿ ಫಲಿಸಿದೆ. ಅದೇ ಆಟದಲ್ಲಿ ಕಪಾಟು ತೆರೆಯುವುದು, ಡಬ್ಬಿಯೊಂದನ್ನು ಕೈಗೆತ್ತಿಕೊಳ್ಳುವುದು, ಬೇಟೆಯ ಪ್ರಾಣಿಯ ಚರ್ಮ ಸುಲಿಯುವುದು ಪ್ರತಿಯೊಂದೂ ನಿಜಜೀವನದ ವಿಳಂಬದಲ್ಲಿಯೇ ನಡೆಯುತ್ತದೆ. ಮೊದಲ ಗಂಟೆಯಲ್ಲಿ ಅದು ಬೆರಗು. ಐವತ್ತನೆಯ ಗಂಟೆಯಲ್ಲಿ ಹೊರೆ. ಒಂದೇ ಕೃತಿಯೊಳಗೆ ಸಾದೃಶ್ಯ ಗುಣವೂ ಆಗಿದೆ, ದೋಷವೂ ಆಗಿದೆ. ಅದು ಮಾಡಬೇಕಾದ ಕೆಲಸ ಇದ್ದಲ್ಲಿ ಗುಣ, ಇಲ್ಲದಲ್ಲಿ ದೋಷ.

ವ್ಯಾಪಾರದ ಲೆಕ್ಕವನ್ನೂ ಇಲ್ಲಿ ಪರಿಶೀಲಿಸುವುದು ಉಚಿತ. ೨೦೨೩ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಮುಂದೆ ಬಂದ ದಾಖಲೆಗಳಿಂದ ೨೦೨೦ರ 'ದಿ ಲಾಸ್ಟ್ ಆಫ್ ಅಸ್ ಭಾಗ ೨'ಕ್ಕೆ ಸುಮಾರು ೨೨ ಕೋಟಿ ಡಾಲರ್, ೨೦೨೨ರ 'ಹೊರೈಝನ್ ಫಾರ್ಬಿಡನ್ ವೆಸ್ಟ್'ಗೆ ಸುಮಾರು ೨೧ ಕೋಟಿ ಡಾಲರ್ ವೆಚ್ಚವಾದುದು ಬಹಿರಂಗವಾಯಿತು. ಇನ್ನೊಂದೆಡೆ ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಗಳಿಗೂ ಮಿಕ್ಕಿ ದುಡಿದು ೨೦೧೬ರಲ್ಲಿ ಹೊರತಂದ 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟ, ಹಳೆಯ ಕಾಲದ ಚುಕ್ಕೆಚಿತ್ರಗಳಿಂದಲೇ ೪ ಕೋಟಿಗೂ ಹೆಚ್ಚು ಪ್ರತಿಗಳನ್ನು ಮಾರಿತು. ಚೌಕದ ಮರ, ಚೌಕದ ಮೋಡಗಳ 'ಮೈನ್‌ಕ್ರಾಫ್ಟ್' ೨೦೨೩ರ ಹೊತ್ತಿಗೆ ೩೦ ಕೋಟಿಯನ್ನು ದಾಟಿತ್ತು. ೨೦೦೬ರಲ್ಲಿ ಶಕ್ತಿಯಲ್ಲಿ ಬಹಳ ಹಿಂದಿದ್ದ ನಿಂಟೆಂಡೊ ವೀ ೧೦ ಕೋಟಿಗೂ ಮಿಕ್ಕಿ ಮಾರಿ, ಪ್ರಬಲವಾದ ಪ್ಲೇಸ್ಟೇಷನ್ ೩ ಯಂತ್ರವನ್ನು ಹಿಂದಿಕ್ಕಿತು. ಇದರಿಂದ ನೈಜತೆ ಮಾರಾಟವಾಗದೆಂದು ಸಿದ್ಧವಾಗುವುದಿಲ್ಲ. ೨೦೧೩ರ 'ಗ್ರ್ಯಾಂಡ್ ಥೆಫ್ಟ್ ಆಟೊ ೫' ೨೦ ಕೋಟಿಯನ್ನು ಮೀರಿದೆ. ಸಿದ್ಧವಾಗುವುದು ಇಷ್ಟು: ಜನ ಹಣ ತೆರುವುದು ನೈಜತೆಗೇ ಎಂಬ ಮಾತು ಲೆಕ್ಕಪುಸ್ತಕದಲ್ಲಿ ನಿಲ್ಲುವುದಿಲ್ಲ. ಮೇಲಾಗಿ ಅಪಾರ ಬಂಡವಾಳ ಹೂಡಿದವನು ಹೊಸ ಸರಕನ್ನು ಪರೀಕ್ಷಿಸಲು ಅಂಜುತ್ತಾನೆ, ಒಮ್ಮೆ ಮಾರಾಟವಾದುದನ್ನೇ ಮತ್ತೆ ಮಾರುತ್ತಾನೆ. ಚಿತ್ರದ ಬೆಲೆ ಏರಿದಂತೆ ಆಟದ ಧೈರ್ಯ ಕುಗ್ಗುವುದು ಹೀಗೆ.

ಉಳಿದಿರುವುದು ಕುಟುಂಬಗಳನ್ನು ನಿಜವಾಗಿ ಕಾಡುವ ಪ್ರಶ್ನೆ. ಹಿಂಸೆಯ ನೈಜ ಚಿತ್ರಣದಿಂದ ಸುಖ ಹೆಚ್ಚುತ್ತದೆಯೇ? ಹೆಚ್ಚಿದರೆ ಅದು ಎಂತಹ ಸುಖ? ೧೯೯೨ರ 'ಮಾರ್ಟಲ್ ಕಾಂಬ್ಯಾಟ್' ನಿಜವಾದ ನಟರ ಛಾಯಾಚಿತ್ರಗಳನ್ನು ಬಳಸಿದ ಕಾಳಗದ ಆಟ. ೧೯೯೩ರಲ್ಲಿ ಅದು ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊ ರಕ್ತವನ್ನು ತೆಗೆಸಿ ಬೆವರನ್ನು ಹಾಕಿಸಿತು, ಕೆಲವು ಕ್ರೂರ ಪ್ರಹಾರಗಳನ್ನು ಬದಲಿಸಿತು. ಸೆಗಾ ಸಂಸ್ಥೆ ಗುಪ್ತಸಂಕೇತವೊಂದನ್ನು ಒತ್ತಿದರೆ ರಕ್ತ ಕಾಣುವಂತೆ ಬಿಟ್ಟಿತು. ಸೆಗಾ ಪ್ರತಿಯೇ ಹೆಚ್ಚು ಮಾರಾಟವಾಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ೧೯೯೪ರಲ್ಲಿ ವಯೋಮಿತಿ ಸೂಚಿಸುವ ಮಂಡಳಿ ಸ್ಥಾಪನೆಯಾಯಿತು. ಎರಡು ಪ್ರತಿಗಳ ನಿಯಮಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ಹಾಗಾದರೆ ಹೆಚ್ಚುವರಿಯಾಗಿ ಕೊಳ್ಳಲಾದುದು ಆಟದ ವಿನೋದವಲ್ಲ, ನಿಷಿದ್ಧವಾದುದನ್ನು ಕಾಣುವ ರೋಮಾಂಚ. ಈ ಎರಡನ್ನು ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಇಂತಹ ಆಟಗಳಿಂದ ಮಕ್ಕಳು ಕೊಲೆಗಡುಕರಾಗುತ್ತಾರೆಂಬ ಕೂಗಿಗೆ ಆಧಾರವಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ ೨೦೨೦ರಲ್ಲಿ ಕೈಗೊಂಡ ನಿರ್ಣಯ, ಹಿಂಸಾಕೃತ್ಯಗಳಿಗೆ ಈ ಆಟಗಳನ್ನು ಹೊಣೆ ಮಾಡಲು ಸಾಕಷ್ಟು ಪ್ರಮಾಣಗಳಿಲ್ಲವೆಂದಿತು. ಕೂಗಾಟ, ತಳ್ಳಾಟಗಳಂತಹ ಉದ್ಧಟತನದೊಡನೆ ಅಲ್ಪ ಸಂಬಂಧ ಕಾಣುತ್ತದೆಂದೂ ಹೇಳಿತು. ಆದರೆ ನೀತಿಯ ಪ್ರಶ್ನೆ ಹೊರಗಿನ ಪರಿಣಾಮದಲ್ಲಿಯೇ ಮುಗಿಯುವುದಿಲ್ಲ. ಜನ್ನನ 'ಯಶೋಧರ ಚರಿತೆ'ಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿ ನೆನಪಾಗದಿರದು. ಅಲ್ಲಿ ಬಲಿಯಾದುದು ಜೀವವಲ್ಲ, ಜೀವದ ಪ್ರತಿಕೃತಿ. ಆದರೂ ಸಂಕಲ್ಪದ ಭಾರ ಜನ್ಮಜನ್ಮಾಂತರಕ್ಕೆ ಹಬ್ಬಿತು. ಈ ಕಥೆಯನ್ನು ಹಿಡಿದು ವಿಡಿಯೊ ಆಟಗಳೆಲ್ಲ ಪಾಪವೆಂದು ಸಾರುವುದು ಅವಸರದ ಮಾತಾದೀತು. ಚದುರಂಗದಲ್ಲಿ ಕಾಯಿ ಹೊಡೆಯುವವನ ಸಂಕಲ್ಪ ಗೆಲುವಿನದು, ವಧೆಯದಲ್ಲ. ಕಥೆ ಕಲಿಸುವ ಪರೀಕ್ಷೆ ಸೂಕ್ಷ್ಮವಾದುದು: ಪ್ರತಿಕೃತಿ ಎಷ್ಟು ನೈಜವಾಗಿದೆ ಎಂಬುದಲ್ಲ, ಅದರೆದುರು ಮನಸ್ಸು ಯಾವುದರಲ್ಲಿ ರಮಿಸುತ್ತಿದೆ ಎಂಬುದು. ನರಳಾಟವನ್ನೇ ಸವಿಯೆಂದು ಬಡಿಸಿದಲ್ಲಿ ನೈಜತೆ ಆ ರತಿಯನ್ನು ತೀವ್ರಗೊಳಿಸುತ್ತದೆ. ಪರದೆಯ ಕುದುರೆ ಗುಂಡೇಟಿಗೆ ಬಿದ್ದಾಗ ಆಡುವವನ ಕಣ್ಣು ತೇವವಾದರೆ ಅದೇ ನೈಜತೆ ಅನುಕಂಪಕ್ಕೆ ನೆರವಾಗಿದೆ. ಕೈಗನ್ನಡಿಗೆ ತನ್ನದೆಂಬ ಮುಖವಿಲ್ಲ.

ಆದುದರಿಂದ ಮನೆಗೆ ಹೊಸ ಆಟ ಬಂದಾಗ ಚಿತ್ರ ಎಷ್ಟು ನೈಜವೆಂದು ವಿಚಾರಿಸುವುದರಿಂದ ಪ್ರಯೋಜನ ಅಲ್ಪ. ಒಂದು ವಾರ ಕಳೆದ ಮೇಲೆ ಮಗುವಿನ ಬಳಿ ಕುಳಿತು, ಈ ಆಟದಲ್ಲಿ ಸೋಲುವುದು ಹೇಗೆ, ಗೆಲ್ಲುವುದು ಹೇಗೆ ಎಂದು ಕೇಳಬೇಕು. ಮಗು ಉಪಾಯಗಳನ್ನು ವಿವರಿಸತೊಡಗಿದರೆ ಅದು ಆಡುತ್ತಿದೆ ಎಂದು ತಿಳಿಯಬಹುದು. ಚಿತ್ರಗಳನ್ನಷ್ಟೇ ತೋರಿಸಿದರೆ ಬೆರಗು ಇನ್ನೂ ಆರಿಲ್ಲ, ಬೇಗನೆ ಆರುತ್ತದೆ. ರಕ್ತವನ್ನು ಬಣ್ಣಿಸಿ ನಕ್ಕರೆ, ಯಂತ್ರವನ್ನು ಕಸಿದು ಬೀರುವಿನಲ್ಲಿಡುವುದರಿಂದ ಕೆಲಸ ಮುಗಿಯುವುದಿಲ್ಲ. ಹಿರಿಯರು ಅಲ್ಲಿಯೇ ಕುಳಿತು ಆ ಮಗುವಿನೊಡನೆ ಮಾತು ಮುಂದುವರಿಸಬೇಕು.